ಬಾಯಿ ಬಾರದ ದಿನಗಳ ಲೆಕ್ಕ

ಮೂಲ್ಕಿಯ ನಮ್ಮ ಹಳೆ ಮನೆಯ ಅಟ್ಟದಲ್ಲಿ ಅಜ್ಜನ ಚೀಲವೊಂದು ಬಹಳ ಕಾಲ ತೂಗಿಕೊಂಡಿತ್ತು. ದಪ್ಪ ಬಟ್ಟೆಯ ಜೋಳಿಗೆ. ಹೆಗಲಿಗೆ ಹಾಕುವ ಪಟ್ಟಿ ಬೆವರಿಗೆ ಕಪ್ಪಾಗಿತ್ತು. ಹೆಂಚು ತೆಗೆಸಿ ತಾರಸಿ ಹಾಕಿಸುವಾಗ ಅದನ್ನು ಕೆಳಗಿಳಿಸಿದೆವು. ಒಳಗೆ ಇಲಿ ಕಡಿದ ಕನ್ನಡ ಹೊಸ ಒಡಂಬಡಿಕೆ, ಒಂದೇ ಗಾಜಿನ ಕನ್ನಡಕ, ಅಂಟಿಕೊಂಡುಹೋದ ಕರಪತ್ರಗಳ ಕಟ್ಟು ಮತ್ತು ಉದ್ದನೆಯ ಒಂದು ಲೆಕ್ಕದ ಪುಸ್ತಕ ಇದ್ದವು.

ಅಜ್ಜ ಬಾಸೆಲ್ ಮಿಶನಿನ ಉಪದೇಶಿ. ಪಾದ್ರಿ ಬೇರೆ, ಉಪದೇಶಿ ಬೇರೆ. ಪಾದ್ರಿಗೆ ನಿಲುವಂಗಿ ಇತ್ತು, ವೇದಿಕೆ ಇತ್ತು, ಕೇಳಲೆಂದೇ ಬಂದು ಕುಳಿತ ಜನ ಇದ್ದರು. ಉಪದೇಶಿಗೆ ಒಂದು ಕೊಡೆ, ಒಂದು ಚೀಲ, ನಡೆಯಲು ಎರಡು ಕಾಲು. ಕರೆಯದ ಮನೆಯ ಅಂಗಳಕ್ಕೆ ಹೋಗಿ ನಿಂತು, ಯಾರೂ ಕೇಳದ ವಿಷಯವನ್ನು ಹೇಳಬೇಕಾದವನು ಅವನು.

ಪುಸ್ತಕ 1923ರಿಂದ ಸುಮಾರು ಮೂರು ವರ್ಷಗಳದ್ದು. ಪುಟಕ್ಕೆ ನಾಲ್ಕು ಗೆರೆ ಎಳೆದು ತಾರೀಕು, ಊರು, ಹೇಳಿದ್ದು, ಕೇಳಿದ್ದು ಎಂದು ಅಂಕಣ ಮಾಡಿದ್ದಾರೆ. ‘ಹೆಜಮಾಡಿ. ಹೇಳಿದ್ದು: ತಪ್ಪಿಹೋದ ಕುರಿ. ಕೇಳಿದ್ದು: 4. ಬೆಲ್ಲ ನೀರು ಕೊಟ್ಟರು.’ ‘ಕಟಪಾಡಿ. ಹೇಳಿದ್ದು: ಬಿತ್ತುವವನ ಕಥೆ. ಕೇಳಿದ್ದು: ಸೊನ್ನೆ. ನಾಯಿ ಬಿಟ್ಟರು.’ ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ವಾಡಿಕೆ. ಕೊಟ್ಟದ್ದನ್ನೂ ಕೊಡದಿದ್ದದ್ದನ್ನೂ ಅಜ್ಜ ಒಂದೇ ಅಕ್ಷರದಲ್ಲಿ, ಒಂದೇ ಶಾಯಿಯಲ್ಲಿ ಬರೆದಿಟ್ಟಿದ್ದರು.

ನನ್ನ ಕಣ್ಣು ನಿಂತದ್ದು ಇನ್ನೊಂದು ಬಗೆಯ ಸಾಲಿನ ಮೇಲೆ. ‘ಕಾಪು. ಹೇಳಿದ್ದು: ಇಲ್ಲ. ಬಾಯಿ ಬರಲಿಲ್ಲ. ದೀಪಸ್ತಂಭದ ಬುಡದಲ್ಲಿ ಕುಳಿತು ಬಂದೆ.’ ಮತ್ತೆ ಹತ್ತು ದಿನಕ್ಕೆ, ‘ಶಿರ್ವ. ಬಾಯಿ ಬರಲಿಲ್ಲ.’ ಒಂದು ಮಳೆಗಾಲದಲ್ಲಿ ಸಾಲಾಗಿ ನಾಲ್ಕು ಸಲ. ಬೆರಳಿಟ್ಟು ಎಣಿಸಿದೆ. ಮೂರು ವರ್ಷಗಳಲ್ಲಿ ನಲವತ್ತೊಂದು ಸಲ.

ನಮ್ಮ ಸಭೆಯಲ್ಲಿ ಅಜ್ಜನ ಹೆಸರು ಹೇಳುವವರು ಈಗಲೂ ಇದ್ದಾರೆ. ಅವರ ಬಾಯಲ್ಲಿ ಅಜ್ಜ ಹುಲಿ. ಬಪ್ಪನಾಡಿನ ಜಾತ್ರೆಯಲ್ಲಿ ಡೋಲಿನ ಸದ್ದನ್ನು ಮೀರಿಸಿ ಮಾತಾಡಿದರಂತೆ, ಯಾರಿಗೂ ಹೆದರಲಿಲ್ಲವಂತೆ. ಪುಸ್ತಕದಲ್ಲಿ ಆ ಜಾತ್ರೆಯ ದಿನವೂ ಇದೆ: ‘ಡೋಲು ಜೋರು. ಹೇಳಿದ್ದು ನನಗೇ ಕೇಳಿಸಲಿಲ್ಲ.’

ನಲವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ಚರಿತ್ರೆ ನನ್ನ ವಿಷಯವಲ್ಲ. ಆದರೂ ಅಜ್ಜನಿಗೆ ಈ ಕೆಲಸ ಎಲ್ಲಿಂದ ಬಂತು, ಇದಕ್ಕೆ ಬೇಕಾದ ಧೈರ್ಯ ಯಾರಿಗೆ ಎಷ್ಟು ಇತ್ತು ಎಂದು ಹುಡುಕುತ್ತ ಹೋದೆ. ಹುಲಿಗಳ ಕಥೆ ಸುಲಭವಾಗಿ ಸಿಕ್ಕಿತು. ಬಾಯಿ ಬಾರದವರನ್ನು ಸಾಲುಗಳ ನಡುವೆ ಹುಡುಕಬೇಕಾಯಿತು.

*

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಈ ಮಿಶನ್ ಹುಟ್ಟಿದ್ದು 1815ರಲ್ಲಿ. ಬ್ರಿಟಿಷರಲ್ಲದ ಮಿಶನರಿಗಳು ಇಲ್ಲಿ ಕೆಲಸ ಮಾಡಲು ದಾರಿ ತೆರೆದದ್ದು 1833ರ ಸನ್ನದು ಕಾಯ್ದೆ. ಮರುವರ್ಷವೇ ಸಾಮುವೇಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಹಡಗು ಹತ್ತಿ ಕಲ್ಲಿಕೋಟೆಯಲ್ಲಿ ಇಳಿದರು. 1834ರ ಅಕ್ಟೋಬರ್ 30ರಂದು ಮಂಗಳೂರಿಗೆ ಬಂದು ಮುಟ್ಟಿದರು.

ಮೂವರಲ್ಲಿ ಹೆಬಿಕನ ಹೆಸರೇ ಹೆಚ್ಚು ಕೇಳಿಬರುವುದು. ಉಲ್ಮ್ ಪಟ್ಟಣದ ಬಳಿಯ ಹಳ್ಳಿಯವನು, ಮೊದಲು ವ್ಯಾಪಾರದ ಕೆಲಸದಲ್ಲಿದ್ದವನು. ಉದ್ದ ಗಡ್ಡ, ಕೈಯಲ್ಲಿ ಕೊಡೆ. ಇಲ್ಲಿಯ ಯಾವ ಭಾಷೆಯೂ ಅವನಿಗೆ ಕೊನೆಯವರೆಗೆ ನೆಟ್ಟಗೆ ಹತ್ತಲಿಲ್ಲ. ಅವನು ಹೇಳುವುದು, ಪಕ್ಕದಲ್ಲಿ ನಿಂತ ಸ್ಥಳೀಯನೊಬ್ಬ ಅದನ್ನು ಜನರ ಮಾತಿಗೆ ತಿರುಗಿಸುವುದು, ಹೀಗೇ ನಡೆಯಿತು. ಮುಂದೆ ಕಣ್ಣೂರಿಗೆ ಹೋಗಿ ನೆಲೆಸಿದ. ತಳಿಪರಂಬದಂಥ ದೊಡ್ಡ ಜಾತ್ರೆಗಳಿಗೆ ನುಗ್ಗಿ ಉಪದೇಶ ಮಾಡಿದ. ಕಲ್ಲು, ಮಣ್ಣು ಬಿದ್ದವು. ಮರುವರ್ಷ ಮತ್ತೆ ಹೋದ. 1859ರಲ್ಲಿ ಊರಿಗೆ ಮರಳುವವರೆಗೂ ಅವನ ರೀತಿ ಬದಲಾಗಲಿಲ್ಲ.

ಇದನ್ನು ಧೈರ್ಯ ಎನ್ನದೆ ಇರಲಾಗದು. ಕಲಿಯದ ಭಾಷೆಯಲ್ಲಿ ಸಾವಿರ ಜನರ ಮುಂದೆ ನಿಲ್ಲುವುದು ಹಾಗಿರಲಿ, ಕಲಿತ ಭಾಷೆಯಲ್ಲಿ ಶಾಲಾ ವಾರ್ಷಿಕೋತ್ಸವಕ್ಕೆ ವಂದನಾರ್ಪಣೆ ಮಾಡುವಾಗಲೇ ನನ್ನ ಮೊಣಕಾಲು ನಡುಗುತ್ತಿತ್ತು. ಆದರೆ ಓದುತ್ತ ಹೋದಂತೆ ನನ್ನ ಗಮನ ಹೆಬಿಕನ ಪಕ್ಕದವನ ಕಡೆಗೆ ಹೊರಳಿತು. ಹೆಬಿಕನ ಮಾತನ್ನು ನಮ್ಮ ಮಾತಿಗೆ ತಿರುಗಿಸುತ್ತಿದ್ದ ಆ ಮನುಷ್ಯ ಯಾರು? ಕಲ್ಲು ಇಬ್ಬರ ಮೇಲೂ ಬಿದ್ದಿರಬೇಕು. ಗಡ್ಡದವನು ಬಿಳಿಯ, ಅವನ ಹಿಂದೆ ಕಂಪೆನಿ ಸರಕಾರದ ನೆರಳು ಇತ್ತು. ಕಂಪೆನಿಯ ವಿರುದ್ಧ 1837ರಲ್ಲಿ ದಂಡೆದ್ದು ಮಂಗಳೂರನ್ನೇ ಹಿಡಿದ ಸೀಮೆ ಇದು. ಆ ನೆರಳಿನಲ್ಲಿ ನಿಂತವರನ್ನು ಜನ ಹೇಗೆ ನೋಡಿರಬಹುದೆಂದು ಊಹಿಸಬಹುದು. ಜಾತ್ರೆ ಮುಗಿದ ಮೇಲೆ ಬಿಳಿಯ ತನ್ನ ಬಂಗಲೆಗೆ ಹೋದ. ಪಕ್ಕದವನು ತನ್ನ ಅಣ್ಣತಮ್ಮಂದಿರು, ಮಾವಂದಿರು ಇರುವ ಊರಿಗೇ ವಾಪಸು ಹೋಗಬೇಕಿತ್ತು.

*

ಹಾಗೆ ತನ್ನವರ ನಡುವೆಯೇ ಬಾಯಿ ಬಿಟ್ಟವರಲ್ಲಿ ಹೆಸರು ಉಳಿದವನು ಆನಂದರಾವ್ ಕೌಂಡಿನ್ಯ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ, ಹುಟ್ಟಿದ್ದು 1825ರಲ್ಲಿ. 1836ರಲ್ಲಿ ಮಂಗಳೂರಿಗೆ ಬಂದ ಮಿಶನರಿ ಹರ್ಮನ್ ಮೊಗ್ಲಿಂಗರ ಶಾಲೆಯಲ್ಲಿ ಇಂಗ್ಲಿಷ್ ಕಲಿಯಲು ಸೇರಿದವನು. ಅಂಥ ಹುಡುಗರು ಆಗ ಕಲಿಯುತ್ತಿದ್ದದ್ದು ಸರಕಾರಿ ಚಾಕರಿಗಾಗಿ. ಈತ ಕಲಿತದ್ದು ಬೇರೆ ಕಡೆಗೆ ತಿರುಗಿತು. 1844ರ ಜನವರಿ 6ರಂದು ಇನ್ನಿಬ್ಬರು ಸಾರಸ್ವತ ತರುಣರ ಜೊತೆ ದೀಕ್ಷಾಸ್ನಾನ ಪಡೆದ. ಗುರುವಿನ ಹೆಸರನ್ನು ತನ್ನ ಹೆಸರಿನ ಮುಂದೆ ಇಟ್ಟುಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಆದ.

ಊರು ಕುದಿಯಿತು. ನಾಲ್ಕು ಜನ ಕೂಡುವ ಕಡೆಯಲ್ಲೆಲ್ಲ ಅದೇ ಮಾತು. ಮನೆ, ಜಾತಿ, ಪಂಕ್ತಿ ಒಂದೇ ಬೆಳಗ್ಗೆ ಹೋದವು. ಇಷ್ಟು ದೂರದಿಂದ ನೋಡುವಾಗ ನಮಗೆ ಕಾಣುವುದು ಅವನ ಧೈರ್ಯ ಮಾತ್ರ. ಆ ಮನೆಯ ತಾಯಿಯ ಕಡೆಯಿಂದ ನೋಡಿದರೆ ಕಥೆಯೇ ಬೇರೆ. ಕೌಂಡಿನ್ಯರ ಬಗ್ಗೆ ನಮ್ಮ ಸಭೆಗಳಲ್ಲಿ ಎಷ್ಟೋ ಪ್ರಸಂಗ ಕೇಳಿದ್ದೇನೆ, ಆ ತಾಯಿಯ ಬಗ್ಗೆ ಒಂದನ್ನೂ ಕೇಳಿಲ್ಲ.

1846ರಲ್ಲಿ ಕೌಂಡಿನ್ಯರು ಮೊಗ್ಲಿಂಗರ ಜೊತೆ ಬಾಸೆಲಿಗೆ ಹೋಗಿ ಐದು ವರ್ಷ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ವಾಪಸು ಬಂದರು. ಯುರೋಪಿನಲ್ಲೇ ಉಳಿದಿದ್ದರೆ ಅಲ್ಲಿ ಕೂತು ಕೇಳುವ ಜನ ಬೇಕಾದಷ್ಟು ಇದ್ದರು. ಬಂದದ್ದು ತಮ್ಮ ಮುಖ ಕಂಡರೆ ದಾರಿ ಬದಲಿಸುವ ಜನರಿರುವ ಮಂಗಳೂರಿಗೇ. ಬಲ್ಮಠದ ಗುಡ್ಡದ ಮೇಲೆ ಉಪದೇಶಿಗಳನ್ನು ತಯಾರು ಮಾಡುವ ಶಾಲೆಯಲ್ಲಿ ಪಾಠ ಹೇಳಿದರು. 1893ರಲ್ಲಿ ಕೊಡಗಿನ ಆನಂದಪುರದಲ್ಲಿ ತೀರಿಕೊಂಡರು. ನನ್ನ ಅಜ್ಜ ಅದೇ ಗುಡ್ಡದಲ್ಲಿ ಕಲಿತವರು. ಅಜ್ಜನಿಗೆ ಕಲಿಸಿದವರಲ್ಲಿ ಕೌಂಡಿನ್ಯರನ್ನು ಕಣ್ಣಾರೆ ಕಂಡವರು ಇದ್ದಿರಲೇಬೇಕು.

*

ಕೌಂಡಿನ್ಯರಂಥವರು ಬೆರಳೆಣಿಕೆಯ ಜನ. ಕರಾವಳಿಯ ಬಾಸೆಲ್ ಮಿಶನ್ ಸಭೆಗಳಿಗೆ ಬಂದವರಲ್ಲಿ ಹೆಚ್ಚಿನವರು ಬಿಲ್ಲವರು. ನನ್ನ ಮುತ್ತಜ್ಜನೂ ಅವರಲ್ಲೊಬ್ಬ. ಅವನ ಕೆಲಸ ಮೂರ್ತೆ. ಬೆಳಗ್ಗೆ ಸಂಜೆ ತಾಳೆಮರ ಹತ್ತಿ ಕಳ್ಳು ಇಳಿಸುವುದು. ಸೊಂಟಕ್ಕೆ ಕತ್ತಿ, ಕಾಲಿಗೆ ಹಗ್ಗದ ಬಳೆ.

ಮಿಶನಿನವರಿಗೆ ಕಳ್ಳು ಆಗದು. ಇಳಿಸುವುದೂ ಆಗದು, ಮಾರುವುದೂ ಆಗದು. ಅಂದರೆ ದೀಕ್ಷಾಸ್ನಾನದ ಮರುದಿನ ಬೆಳಗ್ಗೆ ಮುತ್ತಜ್ಜ ಎದ್ದು ನೋಡಿದರೆ ಹತ್ತಲು ಮರವಿಲ್ಲ. ಧಣಿಗಳ ಒಕ್ಕಲು, ಕುಟುಂಬದ ಮನೆ, ಭೂತದ ಕೋಲದಲ್ಲಿ ತನಗಿದ್ದ ಸಣ್ಣ ಜವಾಬ್ದಾರಿ ಎಲ್ಲದರಿಂದಲೂ ಹೊರಗೆ. ಮತ ಬಿಟ್ಟವನ ಆಸ್ತಿಯ ಹಕ್ಕು ಹೋಗಬಾರದೆಂದು 1850ರಲ್ಲೇ ಕಾಯ್ದೆ ಆಗಿತ್ತು. ಕಾಯ್ದೆ ಸರಕಾರದ ಕಾಗದದಲ್ಲಿತ್ತು. ಮನೆಯ ಬೀಗದ ಕೈ ಅಳಿಯಕಟ್ಟಿನ ಕುಟುಂಬದ ಯಜಮಾನನ ಸೊಂಟದಲ್ಲಿತ್ತು.

ಹಾಗಾಗಿಯೇ ಮಿಶನಿನವರು ನೇಯ್ಗೆ ಶುರು ಮಾಡಿದರು, ಅಚ್ಚುಕೂಟ, ರಟ್ಟು ಕಟ್ಟುವ ಕೆಲಸ ಕಲಿಸಿದರು. 1865ರಲ್ಲಿ ಪ್ಲೆಬ್ಸ್ಟ್ ಎಂಬಾತ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ಮಂಗಳೂರು ಹೆಂಚು ಎಂದು ಲೋಕವೆಲ್ಲ ಹೇಳುವುದರ ಹಿಂದೆ ನನ್ನ ಮುತ್ತಜ್ಜನಂಥವರ ಹೋದ ಕಸುಬು ಇದೆ. ಅವನು ಜೆಪ್ಪುವಿಗೆ ಹೋಗಿ ಜೇಡಿ ತುಳಿಯುವ ಕೆಲಸಕ್ಕೆ ಸೇರಿದ. ಮರದ ತುದಿಯಲ್ಲಿ ಗಾಳಿ ಕುಡಿದವನಿಗೆ ಕಾರ್ಖಾನೆಯ ಗಂಟೆ ಹೊಡೆದಾಗ ಎದ್ದು ಗಂಟೆ ಹೊಡೆದಾಗ ಕೂರುವುದು ಕೊನೆಯವರೆಗೆ ಒಗ್ಗಲಿಲ್ಲವೆಂದು ಅಮ್ಮ ಹೇಳುತ್ತಿದ್ದಳು.

ಅಕ್ಕಿಗಾಗಿ ಜಾತಿ ಕೆಟ್ಟವರು ಎಂಬ ಮಾತನ್ನು ನಾವು ಕೇಳುತ್ತಲೇ ಬೆಳೆದವರು. ಸಣ್ಣವಳಿದ್ದಾಗ ಅಳುತ್ತಿದ್ದೆ, ದೊಡ್ಡವಳಾದ ಮೇಲೆ ಸಿಟ್ಟಾಗುತ್ತಿದ್ದೆ. ಈಗ ಲೆಕ್ಕ ಹಾಕಿ ನೋಡುತ್ತೇನೆ. ಕೆಲವರು ಅಕ್ಕಿಗಾಗಿ ಬಂದಿರಬಹುದು, ಹಸಿದವನು ಅಕ್ಕಿ ಇರುವ ಕಡೆ ಹೋಗುವುದು ಅಪರಾಧವೇನಲ್ಲ. ಕೆಲವರು ಮಾನಕ್ಕಾಗಿ ಬಂದಿರಬೇಕು, ಬಾವಿಯ ಕಟ್ಟೆಯಲ್ಲೂ ಶಾಲೆಯ ಹಲಗೆಯಲ್ಲೂ ಅದು ಸಿಕ್ಕದವರಿಗೆ ಅದರ ಬೆಲೆ ಗೊತ್ತು. ಮುತ್ತಜ್ಜನ ಮಟ್ಟಿಗೆ ಅಕ್ಕಿ ಕಳೆದುಕೊಂಡದ್ದು ಮೊದಲು, ಸಿಕ್ಕಿದ್ದು ಆಮೇಲೆ. ಭಾನುವಾರ ಸಂಜೆ ಅವನು ತನ್ನ ಹಳೇ ಕುಟುಂಬದ ಮನೆಯ ಗದ್ದೆಬದುವಿನಲ್ಲಿ ನಿಂತು ಬರುತ್ತಿದ್ದನಂತೆ. ಅಣ್ಣ ಹೊರಗೆ ಬಂದರೆ ಮಾತು, ಬರದಿದ್ದರೆ ಇಲ್ಲ. ಹದಿನಾರು ವರ್ಷ ಅಣ್ಣ ಹೊರಗೆ ಬರಲಿಲ್ಲ. ಅವನು ಭಾನುವಾರ ತಪ್ಪಿಸಲಿಲ್ಲ. ಒಂದು ಮಾತೂ ಆಡದೆ ಇಷ್ಟೊಂದು ಹೇಳಿದ ಉಪದೇಶವನ್ನು ನಾನು ಬೇರೆಲ್ಲೂ ಓದಿಲ್ಲ.

*

ಭಯಕ್ಕೂ ಭಾಷೆಗೂ ನಂಟು ಇದೆ. ಇದು ಕನ್ನಡ ಪಂಡಿತಳಾಗಿ ನನಗೆ ಗೊತ್ತಿರುವ ಸಂಗತಿ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಮನೆಯ ತುಳುವಿನಲ್ಲಿ ಕೇಳಿದರೆ ಹರಟುತ್ತಾಳೆ.

ಮೊದಲ ತಲೆಮಾರಿನ ಮಿಶನರಿಗಳ ಬಾಯಲ್ಲಿ ಇದ್ದದ್ದು ಹೊರಗಿನ ಕನ್ನಡ. ಹೊರಗಿನ ಕನ್ನಡದಲ್ಲಿ ಬೈಯುವುದು ಸುಲಭ, ಮಾತಾಡುವುದು ಕಷ್ಟ. ಜಾತ್ರೆಗಳಲ್ಲಿ ಅವರು ಊರವರ ದೇವರನ್ನು ಹಳಿದದ್ದುಂಟು. ಅದಕ್ಕೂ ಎದೆಗಾರಿಕೆ ಬೇಕು ನಿಜ, ಆದರೆ ನೆರೆಮನೆಯವನ ತಾಯಿಯನ್ನು ಬೈದು ನಮ್ಮ ತಾಯಿಯ ಗುಣ ಹೇಳಿದರೆ ಕೇಳುವವರು ಯಾರು?

ಮೊಗ್ಲಿಂಗರಿಗೆ ಇದು ಬೇಗ ತಿಳಿದಂತೆ ಕಾಣುತ್ತದೆ. 1843ರ ಜುಲೈ 1ರಂದು ಅವರು ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಅದರಲ್ಲಿ ಊರ ಸುದ್ದಿ, ಸರಕಾರದ ನಿರೂಪ, ಕಥೆ ಎಲ್ಲ ಇದ್ದವು. ದಾಸರ ಪದಗಳಿಗೂ ಜಾಗವಿತ್ತು. 1848ರಿಂದ ಅವರು ಹಳಗನ್ನಡ, ನಡುಗನ್ನಡದ ಓಲೆಗಳನ್ನು ಹುಡುಕಿ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸಿದರು. ಖರ್ಚಿಗೆ ನೀಲಗಿರಿಯಲ್ಲಿದ್ದ ನಿವೃತ್ತ ನ್ಯಾಯಾಧೀಶ ಕಾಸಮೇಜರ್ ನೆರವಾದರು. ತನ್ನ ಮತವನ್ನು ಹೇಳಲು ಬಂದವನು ಎದುರಿನವನ ಭಕ್ತಿಯ ಹಾಡನ್ನು ಶ್ರದ್ಧೆಯಿಂದ ತಿದ್ದಿ ಅಚ್ಚು ಹಾಕಿದ. ಹೇಳಲು ಬಂದವನು ಕೇಳಲು ಕೂತ ಎನ್ನೋಣ. 1853ರಲ್ಲಿ ಬಂದ ಕಿಟ್ಟೆಲ್ ಇನ್ನೂ ಮುಂದೆ ಹೋದರು. ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಮಟ್ಟಿನಲ್ಲೇ ‘ಕಥಾಮಾಲೆ’ಯಾಗಿ ಕಟ್ಟಿ 1862ರಲ್ಲಿ ಪ್ರಕಟಿಸಿದರು. ಸುಮಾರು 70,000 ಪದಗಳ ಅವರ ನಿಘಂಟು ಬಂದದ್ದು 1894ರಲ್ಲಿ. ಆ ನಿಘಂಟನ್ನು ಇಟ್ಟುಕೊಂಡೇ ನಾನು ನಲವತ್ತು ವರ್ಷ ಪಾಠ ಮಾಡಿದ್ದು.

ನಮ್ಮ ಮನೆಯ ತುಳುವನ್ನೂ ಮಿಶನಿನವರು ಅಚ್ಚಿಗೆ ತಂದರು. ಕನ್ನಡ ಅಕ್ಷರದಲ್ಲಿ ಅಚ್ಚಾದ ತುಳು ಹೊಸ ಒಡಂಬಡಿಕೆ 1847ರದು. ಆದರೂ ನಮ್ಮ ಸಭೆಗಳಲ್ಲಿ ಆರಾಧನೆ, ಪ್ರಸಂಗ ಎಲ್ಲ ಕನ್ನಡದಲ್ಲಿ, ಜಗಳ ತುಳುವಿನಲ್ಲಿ. ಅಜ್ಜನ ಪುಸ್ತಕದಲ್ಲಿ ಇದರದೂ ಗುರುತು ಇದೆ. ‘ಕನ್ನಡದಲ್ಲಿ ತೊಡಗಿದೆ, ಎದ್ದು ಹೋದರು. ಮರುದಿನ ತುಳುವಿನಲ್ಲಿ ಕುರಿಯ ಬದಲು ಕರು ಎಂದೆ. ಕುಳಿತರು.’ ನಮ್ಮ ಕಡೆ ಕುರಿ ಸಾಕುವವರು ಯಾರು? ತಪ್ಪಿಹೋದ ಕರುವನ್ನು ಗುಡ್ಡವೆಲ್ಲ ಹುಡುಕಿದವರು ಎಲ್ಲ ಮನೆಯಲ್ಲೂ ಇದ್ದರು.

ಅಜ್ಜನಿಗೆ ಅಂಗಳದವರೆಗೆ ಮಾತ್ರ ಪ್ರವೇಶ. ಒಳಗಿನ ಪಡಸಾಲೆಗೆ ಹೋಗುತ್ತಿದ್ದವಳು ಅಜ್ಜಿ. ಹೊಲಿಗೆ ಕಲಿಸುವ ನೆವದಲ್ಲಿ ಹೋಗಿ, ಕೊನೆಗೆ ಒಂದು ಕಥೆ ಹೇಳಿ ಬರುವುದು. ಅವಳು ಲೆಕ್ಕ ಬರೆದಿಡಲಿಲ್ಲ. ಮೂವತ್ತು ವರ್ಷ ಆ ಮನೆಗಳ ಬಾಣಂತನ, ಮೈಲಿಬೇನೆ, ಹೆಣ್ಣು ನೋಡುವ ಶಾಸ್ತ್ರ ಎಲ್ಲದಕ್ಕೂ ಅವಳಿಗೆ ಕರೆ ಬರುತ್ತಿತ್ತು ಎಂಬುದಷ್ಟೇ ನನಗೆ ಗೊತ್ತು.

*

1914ರಲ್ಲಿ ಯುದ್ಧ ಶುರುವಾದಾಗ ಜರ್ಮನ್ ಪಾದ್ರಿಗಳು ಒಮ್ಮೆಲೇ ಸರಕಾರಕ್ಕೆ ಶತ್ರುಗಳಾದರು. ಅವರನ್ನು ಹಿಡಿದು ಕ್ಯಾಂಪುಗಳಲ್ಲಿಟ್ಟು ಆಮೇಲೆ ದೇಶದಿಂದ ಕಳುಹಿಸಿದರು. ಹೆಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಎಂಬತ್ತು ವರ್ಷ ಯಾವ ನೆರಳನ್ನು ನೆಚ್ಚಿಕೊಂಡಿದ್ದರೋ ಅದು ಸರಿದುಹೋಯಿತು.

ಅಜ್ಜ ಕೊಡೆ ಹಿಡಿದು ಊರೂರು ತಿರುಗಿದ್ದು ಇದರ ನಂತರ. ‘ನಿಮ್ಮ ದೊರೆಗಳು ಹೋದರಲ್ಲ, ಇನ್ನು ನೀವೂ ವಾಪಸು ಬನ್ನಿ’ ಎಂದು ಅಂಗಡಿಕಟ್ಟೆಯಲ್ಲಿ ಜನ ತಮಾಷೆ ಮಾಡುತ್ತಿದ್ದರಂತೆ. ಕಾಪುವಿನ ದೀಪಸ್ತಂಭದ ಬುಡದಲ್ಲಿ ಕೂತು ಬಂದ ಸಾಲಿನ ಹಿಂದೆ ಈ ನಗೆ ಇದ್ದಿರಬಹುದು. ಕಲ್ಲು ಬಿದ್ದರೆ ಹುತಾತ್ಮನಾಗಬಹುದು. ಕೂಡಿ ಆಡಿ ಬೆಳೆದವರು ನಕ್ಕರೆ ಏನಾಗುವುದು?

ಉತ್ತರ ಕರ್ನಾಟಕದಲ್ಲಿ ಇದೇ ಹೊತ್ತಿಗೆ ಬಾಸೆಲ್ ಮಿಶನಿನ ಇನ್ನೊಬ್ಬರು ಬೇರೆ ದಾರಿಯಲ್ಲಿ ನಡೆಯುತ್ತಿದ್ದರು. ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ಚನ್ನಪ್ಪ ಉತ್ತಂಗಿ. ಸಭಾಪಾಲಕರಾಗಿದ್ದುಕೊಂಡೇ ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಕಲೆಹಾಕಿ 1924ರಲ್ಲಿ ಪುಸ್ತಕ ಮಾಡಿದರು. ತಮ್ಮ ನಂಬಿಕೆಯನ್ನು ದೇಶದ ಮುಂದಿಡಲು ಅವರು ಬರೆದ ಪುಸ್ತಕದ ಹೆಸರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಆ ಹೆಸರಿನ ಕೊನೆಯ ಪದ ನೋಡಿ. ಅಪ್ಪಣೆಯಲ್ಲ, ಸವಾಲಲ್ಲ, ವಿನಂತಿ. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಈ ಪಾದ್ರಿಯನ್ನು ಅಧ್ಯಕ್ಷರಾಗಿ ಕೂರಿಸಿದರು. ಕಂಠ ಎತ್ತರಿಸದೆ ನಂಬಿಕೆ ಹೇಳಬಹುದು ಎಂಬುದಕ್ಕೆ ನಾನು ವಿದ್ಯಾರ್ಥಿಗಳ ಮುಂದೆ ಹೆಸರಿಸಬಹುದಾಗಿದ್ದ ಮನುಷ್ಯ. ಸರ್ವಜ್ಞನ ಪಾಠ ಪ್ರತಿವರ್ಷ ಮಾಡಿದೆ. ಉತ್ತಂಗಿಯವರು ಕ್ರೈಸ್ತರೆಂದು ಒಮ್ಮೆಯೂ ಹೇಳಲಿಲ್ಲ.

*

ಇಲ್ಲಿಂದ ಮುಂದಿನದು ನನ್ನ ಕಥೆ.

ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರಿನಲ್ಲಿ ಒಂದು ಪದದ ಮೇಲೆ ಚರ್ಚೆ ನಡೆಯಿತು. ಧರ್ಮವನ್ನು ಅವಲಂಬಿಸುವ, ಆಚರಿಸುವ ಹಕ್ಕು ಸರಿ, ಪ್ರಚಾರ ಮಾಡುವ ಹಕ್ಕೂ ಬೇಕೆ? ಬೇಕು ಎಂದು ತೀರ್ಮಾನವಾಗಿ 25ನೇ ವಿಧಿಯಲ್ಲಿ ಆ ಪದ ಉಳಿಯಿತು. ಹೇಳುವ ಹಕ್ಕು ಇದೆ, ಇನ್ನೊಬ್ಬರನ್ನು ಮತಾಂತರಿಸುವುದು ಹಕ್ಕಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟು ಗೆರೆ ಎಳೆಯಿತು. ಈ ಗೆರೆಯ ಬಗ್ಗೆ ನನಗೆ ತಕರಾರಿಲ್ಲ. ಹಕ್ಕು ಇದ್ದಾಗಲೂ ನಾನು ಬಾಯಿ ಬಿಟ್ಟವಳಲ್ಲ.

2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಸುತ್ತಮುತ್ತ ಕ್ರೈಸ್ತರ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದವು. ಸ್ಟಾಫ್‌ರೂಮಿನಲ್ಲಿ ಎಲ್ಲರೂ ನನ್ನ ಬಳಿ ಒಳ್ಳೆಯ ಮಾತನ್ನೇ ಆಡಿದರು, ನಾನು ಒಳ್ಳೆಯದಾಗಿಯೇ ನಕ್ಕೆ. ಆಮೇಲೆ ಚೀಲದಲ್ಲಿ ಇರುತ್ತಿದ್ದ ಸತ್ಯವೇದಕ್ಕೆ ಹಳೇ ಪಂಚಾಂಗದ ಹಾಳೆಯ ಹೊದಿಕೆ ಹಾಕಿದೆ.

ಮರುವರ್ಷ ನಮ್ಮ ಗಣಿತದ ಟೀಚರ ಹತ್ತೊಂಬತ್ತು ವರ್ಷದ ಮಗ ಬೈಕಿನಲ್ಲಿ ಹೋಗುವಾಗ ಪಡುಬಿದ್ರಿಯ ಹತ್ತಿರ ತೀರಿಕೊಂಡ. ರಜೆ ಮುಗಿಸಿ ಬಂದ ದಿನ ಮಧ್ಯಾಹ್ನ ಅವರು ನನ್ನ ಪಕ್ಕ ಕೂತು ಕೇಳಿದರು: ‘ಟೀಚರೇ, ಸತ್ತವರ ಬಗ್ಗೆ ನಿಮ್ಮಲ್ಲಿ ಎಂತ ಹೇಳ್ತಾರೆ? ಪುನಃ ಸಿಗ್ತಾರಾ?’

ನನ್ನ ಗಂಡ ತೀರಿಕೊಂಡು ಆಗ ಮೂರು ವರ್ಷ. ಆ ಪ್ರಶ್ನೆಗೆ ನನ್ನ ಹತ್ತಿರ ಪ್ರಸಂಗದ ಉತ್ತರವಲ್ಲ, ರಾತ್ರಿಗಳನ್ನು ಕಳೆದ ಉತ್ತರ ಇತ್ತು. ‘ದೇವರ ಹತ್ತಿರ ಹೋಗ್ತಾರೆ ಅಂತ ಹೇಳ್ತಾರೆ. ಚಹಾ ತಣ್ಣಗಾಗ್ತದೆ, ಕುಡೀರಿ’ ಎಂದೆ.

ಯಾಕೆ ಹೇಳಲಿಲ್ಲ ಎಂದು ನೂರು ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ದುಃಖದಲ್ಲಿ ಇದ್ದವರಿಗೆ ಬಲೆ ಬೀಸುತ್ತಾಳೆ ಎಂದು ತಿಳಿದರೆ ಎಂಬ ಅಂಜಿಕೆ ಒಂದು. ಅದು ಬರೀ ಹೇಡಿತನವಲ್ಲ, ಹಾಗೆ ಬಲೆ ಬೀಸುವವರನ್ನು ನಾನೂ ಕಂಡಿದ್ದೇನೆ. ಆದರೆ ಅವರು ಕೇಳಿದ್ದರಲ್ಲ. ಕೇಳಿದವರಿಗೆ ಚಹಾ ತೋರಿಸಿದ್ದು ಮರ್ಯಾದೆಯೂ ಅಲ್ಲ. ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸುತ್ತ ನಿಂತಿದ್ದ ಪೇತ್ರನನ್ನು ಕೇಳಿದ್ದು ಸೈನಿಕನಲ್ಲ, ಒಬ್ಬ ಕೆಲಸದ ಹುಡುಗಿ. ನಾನವನಲ್ಲ ಎಂದ. ಗಲಿಲಾಯದ ಅವನ ಮಾತಿನ ಧಾಟಿಯೇ ಅವನನ್ನು ಹಿಡಿದುಕೊಟ್ಟಿತು. ಆ ಭಾಗ ಓದುವಾಗೆಲ್ಲ ನನಗೆ ಬೆಂಕಿಯ ಬದಲು ಸ್ಟಾಫ್‌ರೂಮಿನ ಚಹಾದ ಲೋಟ ಕಾಣುತ್ತದೆ.

ಅಜ್ಜನ ಪುಸ್ತಕ ಸಿಕ್ಕಿದ್ದು ನನ್ನ ನಿವೃತ್ತಿಯ ನಂತರ. ‘ಬಾಯಿ ಬರಲಿಲ್ಲ’ ಎಂಬ ಸಾಲುಗಳ ಕೆಳಗೆ ಏನಿದೆ ಎಂದು ಒಂದೊಂದಾಗಿ ನೋಡಿದೆ. ನಲವತ್ತೊಂದರಲ್ಲಿ ಮೂವತ್ತಾರು ಕಡೆ, ವಾರದೊಳಗೆ ಅದೇ ಊರಿನ ಹೆಸರು ಮತ್ತೆ ಬರುತ್ತದೆ. ಹುಲಿಯ ಕಥೆ ಹೇಳುವವರಿಗೆ ಈ ಮೂವತ್ತಾರು ಗೊತ್ತಿಲ್ಲ. ಉಳಿದ ಐದು ಊರುಗಳಿಗೆ ಅಜ್ಜ ಹೋಗಲೇ ಇಲ್ಲ. ಅದೂ ಇರಲಿ.

ಇನ್ನೊಂದು ಸಾಲು ನನ್ನನ್ನು ಬಹಳ ದಿನ ಕಾಡಿತು. ‘ಪಡುಬಿದ್ರಿ. ಮುದುಕಿ, ಒಬ್ಬರೇ. ಹೇಳಿದ್ದು: ನಾಯಿನಿನ ವಿಧವೆ. ಕೇಳಿದ್ದು: 7.’ ಅಲ್ಲಿವರೆಗೆ ಕೊನೆಯ ಅಂಕಣವೆಂದರೆ ಕೂತು ಕೇಳಿದ ತಲೆಗಳ ಲೆಕ್ಕ ಎಂದುಕೊಂಡಿದ್ದೆ. ಒಬ್ಬರೇ ಇದ್ದ ಮುದುಕಿ ಏಳು ಹೇಗಾದರು? ಕೇಳು ಎಂಬ ಧಾತುವಿಗೆ ಎರಡು ಅರ್ಥವೆಂದು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದವಳಿಗೆ ಅದು ಹೊಳೆಯಲು ಎರಡು ದಿನ ಬೇಕಾಯಿತು. ಅಜ್ಜ ಬರೆದಿಟ್ಟದ್ದು ಕೇಳಿದವರನ್ನಲ್ಲ, ಅವರು ಕೇಳಿದ ಪ್ರಶ್ನೆಗಳನ್ನು. ‘ಸೊನ್ನೆ’ ಎಂದರೆ ಜನ ಇರಲಿಲ್ಲ ಎಂದಲ್ಲ. ಯಾರೂ ಏನೂ ಕೇಳಲಿಲ್ಲ ಎಂದು.

ಕಳೆದ ಮೇ ತಿಂಗಳಲ್ಲಿ ಬಸ್ಸು ಹತ್ತಿ ಪಡುಬಿದ್ರಿಗೆ ಗಣಿತದ ಟೀಚರ ಮನೆಗೆ ಹೋದೆ. ಒಂದು ಸಲ ಗೇಟಿನವರೆಗೆ ಹೋಗಿ, ಒಳಗೆ ನೆಂಟರ ಚಪ್ಪಲಿ ಕಂಡು ವಾಪಸು ಬಂದೆ. ಮುಂದಿನ ವಾರ ಮತ್ತೆ ಹೋದೆ.

‘ಆ ದಿನ ನೀವು ಒಂದು ಮಾತು ಕೇಳಿದ್ರಿ. ನಾನು ಉತ್ತರ ಹೇಳ್ಲಿಲ್ಲ’ ಎಂದೆ.

‘ನೆನಪುಂಟು ಮಾರಾಯ್ರೆ. ಚಹಾ ಕುಡಿಸಿದ್ರಿ.’

ಹೇಳಿದೆ. ನನ್ನ ಗಂಡನ ಕೊನೆಯ ಮೂರು ರಾತ್ರಿ, ಸಮಾಧಿಯ ಕಲ್ಲು ಉರುಳಿದ ಆ ಬೆಳಗಿನ ಕಥೆಯನ್ನು ನಾನು ಯಾಕೆ ಬಿಡದೆ ಹಿಡಿದುಕೊಂಡಿದ್ದೇನೆ ಎಂಬುದು, ಅಷ್ಟೇ. ಕಾಲು ಗಂಟೆ ಆಗಿರಬಹುದು. ಅಂಗೈ ಬೆವರಿ ಸೆರಗು ಒದ್ದೆಯಾಗಿತ್ತು. ಅವರು ಮಧ್ಯೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ, ‘ನಿಮಗೆ ಸಂಶಯ ಬರುದಿಲ್ವಾ?’ ಎಂದು ಕೇಳಿದರು. ಬರುತ್ತದೆ ಎಂದೆ. ‘ಬಂದಾಗ ಎಂತ ಮಾಡ್ತೀರಿ?’ ಎಂದರು. ಇದ್ದದ್ದನ್ನು ಹೇಳಿದೆ.

ಆಮೇಲೆ ಅವರು ಹೇಳಿದರು. ವರ್ಷಕ್ಕೊಮ್ಮೆ ಮಗನ ಹೆಸರಿನಲ್ಲಿ ಎಲೆ ಹಾಕಿ ಬಡಿಸುವುದು, ಅವನಿಗೆ ಇಷ್ಟವಾದ ಮೀನಿನ ಗಸಿಯನ್ನೇ ಮಾಡುವುದು, ಬಾಗಿಲು ಮುಚ್ಚಿ ಹೊರಗೆ ಕಾಯುವುದು, ಆ ಹೊತ್ತಿನಲ್ಲಿ ಒಳಗೆ ಸದ್ದಾದರೆ ಎದೆ ಏನಾಗುತ್ತದೆ ಎಂಬುದು. ಕತ್ತಲೆಯಾಗುವವರೆಗೆ ಕೇಳಿದೆ. ಕೊನೆಯ ಬಸ್ಸಿಗೆ ಹೊರಟೆ.

ಅಜ್ಜನ ಪುಸ್ತಕದ ಹಿಂದಿನ ಪುಟಗಳು ಖಾಲಿ ಇವೆ. ರಾತ್ರಿ ಪೆನ್ಸಿಲಿನಲ್ಲಿ ಒಂದು ಸಾಲು ಬರೆದೆ. ಪಡುಬ್ರಿದಿ ಎಂದು ತಪ್ಪಾಗಿ ಬರೆದು, ಅಳಿಸಿ, ತಿದ್ದಿದೆ.

‘ಪಡುಬಿದ್ರಿ. ಒಬ್ಬರೇ. ಕೇಳಿದ್ದು: 2. ಬೆಲ್ಲ ನೀರು ಕೊಟ್ಟರು.’